ಬೆಳ್ಳಿ ಬಣ್ಣದ ಇಂಜಿನ್

"ಮತ್ತೆ ಬಂದ್ಯಾ?" ಒದಾಲ್ಮಿಸ್ ತಲೆ ಎತ್ತಲಿಲ್ಲ. ಆ ಹಸಿರು ಷೆವ್ರೊಲೆ ಕಾರಿನ ಸದ್ದು ಅವಳಿಗೆ ಬೀದಿ ತಿರುವಿನಲ್ಲೇ ಗೊತ್ತಾಗುತ್ತಿತ್ತು.

"ಕೆಂಪು ದೀಪ ಮತ್ತೆ ಉರೀತಿದೆ. ಬ್ಯಾಟರಿ ಚಾರ್ಜ್ ಆಗ್ತಿಲ್ಲ," ಅಂದ ಎಲಿಯೆಸೆರ್.

ಐವತ್ತೈದರ ಮಾಡೆಲ್ ಕಾರು. ಅವನ ಅಜ್ಜನ ಕಾಲದಲ್ಲಿ ಹಡಗಿನಲ್ಲಿ ಕ್ಯೂಬಾಕ್ಕೆ ಬಂದದ್ದು. ಅದರಲ್ಲಿ ಅವನು ಕಡಲತೀರದ ಹಿಬಾರಾದಿಂದ ಓಲ್ಗೀನ್ ನಗರಕ್ಕೆ ದಿನಾ ಜನರನ್ನು ಕರೆದೊಯ್ಯುತ್ತಿದ್ದ. ಒದಾಲ್ಮಿಸ್ ಸಕ್ಕರೆ ಕಾರ್ಖಾನೆಯಲ್ಲಿ ವಯರಿಂಗ್ ಕಲಿತವಳು. ಕಾರ್ಖಾನೆ ಮುಚ್ಚಿದ ಮೇಲೆ ಮನೆಯ ಜಗಲಿಯಲ್ಲೇ ಅಂಗಡಿ ಹಾಕಿಕೊಂಡಿದ್ದಳು.

ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಬ್ರಷ್ ಬದಲಿಸಿದ್ದಾಗಿತ್ತು, ರೆಗ್ಯುಲೇಟರ್ ಬಿಚ್ಚಿ ನೋಡಿದ್ದಾಗಿತ್ತು. ಅಂಗಡಿ ಮುಂದೆ ನಿಂತರೆ ಗಾಡಿ ಸಾಧು. ದಾರಿಗಿಳಿದರೆ ಮತ್ತೆ ಅದೇ ದೀಪ.

"ಇದು ಶುರುವಾಗೋ ಮುಂಚೆ ಗಾಡಿಗೆ ಏನಾದ್ರೂ ಮಾಡಿದ್ಯಾ?" ಪ್ರತಿ ಸಲ ಕೇಳುವ ಪ್ರಶ್ನೆ.

"ಏನೂ ಇಲ್ಲ." ಪ್ರತಿ ಸಲದ ಉತ್ತರ. ಹಾಗನ್ನುವಾಗ ಅವನ ಕಿವಿ ಮಾತ್ರ ಕೆಂಪಾಗುತ್ತಿತ್ತು.

ಅವನು ಕಾರಿನ ಬಾಗಿಲಿಗೆ ಒರಗಿಕೊಂಡ. "ಇವತ್ತು ರಿಪೇರಿಗೆ ಬಂದಿಲ್ಲ. ಓಲ್ಗೀನಲ್ಲಿ ಒಬ್ಬರು ಇದನ್ನ ತಗೊಂಡು ಲಾಡಾ ಕಾರು ಕೊಡ್ತಾರೆ. ಅಲ್ಲೇ ಅಕ್ಕನ ಮನೇಲಿದ್ದು ಬೇರೆ ಲೈನಿನಲ್ಲಿ ಓಡಿಸ್ತೀನಿ. ನಿಮಗೆ ಹೇಳಿ ಹೋಗೋಣ ಅಂತ."

ಒದಾಲ್ಮಿಸಳ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು. ಆದರೆ ಅವಳು ಕೈಕಟ್ಟಿ ಕೂರುವ ಹೆಂಗಸಲ್ಲ.

"ಓಡುವಾಗ ಬರೋ ಕಾಯಿಲೆನ ಓಡುವಾಗಲೇ ನೋಡಬೇಕು," ಎಂದು ಉಪಕರಣದ ಚೀಲ ಎತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. "ನಡಿ."

ಹಿಂದಿನ ಸೀಟಿನಲ್ಲಿ ಅವನ ನೆರೆಮನೆಯ ಎನೈದಾ ಚಿಕ್ಕಮ್ಮ, ಓಲ್ಗೀನಿನಲ್ಲಿರುವ ಮೊಮ್ಮಗಳ ಹುಟ್ಟುಹಬ್ಬದ ಗುಲಾಬಿ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. "ಅಂತೂ ಹತ್ತಿದ್ಯಲ್ಲ ಮಗಳೇ," ಅಂದಳು. "ಇವನ ಬಾಯಲ್ಲಿ ನಿನ್ನ ಹೆಸರು ಕೇಳಿ ಕೇಳಿ ಸಾಕಾಗಿತ್ತು."

"ಚಿಕ್ಕಮ್ಮ, ಕೇಕ್ ನೋಡ್ಕೊಳ್ಳಿ," ಅಂದ ಎಲಿಯೆಸೆರ್.

ಸಮುದ್ರ ಹಿಂದೆ ಸರಿಯಿತು. ಕಿಟಕಿಯ ಗಾಳಿಗೆ ಅವಳ ಕೂದಲು ಅವನ ಭುಜ ತಾಕಿತು. ಅವಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವನು ಓರೆಗಣ್ಣಿನಲ್ಲಿ ಅವಳತ್ತ ನೋಡಿದ. ಅವಳು ಆಗಲೇ ನೋಡುತ್ತಿದ್ದಳು.

"ದಾರಿ ನೋಡು," ಅಂದಳು.

"ದಾರಿ ಗೊತ್ತು."

ಫ್ಲೋರೊ ಪೆರೆಸ್ ಊರಿನ ಹತ್ತಿರ ರಸ್ತೆ ಹದಗೆಟ್ಟಿತ್ತು. ಗಾಡಿ ಕುಲುಕಿದ್ದೇ ತಡ, ಕೆಂಪು ದೀಪ ಹೊತ್ತಿತು.

"ನಿಲ್ಲಿಸು. ಇಂಜಿನ್ ಆಫ್ ಮಾಡಬೇಡ."

ಬಾನೆಟ್ ಎತ್ತಿದಳು. ದಪ್ಪ ವಯರಿನ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಕಾರಿನ ಬಾಡಿಗೂ ಒತ್ತಿ ಹಿಡಿದಳು. "ಈಗ?"

"ದೀಪ ಆರಿತು," ಒಳಗಿನಿಂದ ಅವನ ದನಿ ಬಂತು.

ವಯರ್ ತೆಗೆದಳು. ದೀಪ ಹೊತ್ತಿತು. ಮತ್ತೆ ಇಟ್ಟಳು. ಆರಿತು. ಅವಳಿಗೆ ನಗು ಬಂತು. ಡೈನಮೋದಲ್ಲಿ ತಪ್ಪೇನೂ ಇರಲಿಲ್ಲ. ಇಂಜಿನ್ನಿಗೂ ಬಾಡಿಗೂ ನಡುವೆ ಕರೆಂಟು ಮರಳುವ ಅರ್ತ್ ಸಂಪರ್ಕ ಕೂಡುತ್ತಿರಲಿಲ್ಲ, ಅಷ್ಟೇ.

ಇಂಜಿನ್ ಆಫ್ ಮಾಡಿಸಿ ಕಾರಿನಡಿ ತೂರಿದಳು. ಅರ್ತ್ ಪಟ್ಟಿ ಗಟ್ಟಿಯಾಗಿಯೇ ಇತ್ತು. ಬೋಲ್ಟ್ ಬಿಚ್ಚಿದರೆ ಅದರಡಿ ಬೆಳ್ಳಿ ಬಣ್ಣದ ಪೇಂಟು, ದಪ್ಪಗೆ. ಬಣ್ಣದ ಮೇಲೆ ಕರೆಂಟು ದಾಟುವುದು ಹೇಗೆ? ಗಾಡಿ ನಿಂತಿದ್ದಾಗ ಎಲ್ಲೋ ಒಂಚೂರು ತಾಕುತ್ತಿತ್ತು, ಕುಲುಕಿದರೆ ಅದೂ ತಪ್ಪುತ್ತಿತ್ತು.

"ತೊಳೆದು ಫಳಫಳ ಮಾಡಿದ್ದೀಯ ಅಂದ್ಕೊಂಡಿದ್ದೆ. ಇಂಜಿನ್ನಿಗೆ ಬಣ್ಣ ಬಳಿದವರು ಯಾರು?" ಕೆಳಗಿನಿಂದಲೇ ಕೇಳಿದಳು.

ಅವನು ಇಳಿದು ಬಂದು ಕಾರಿನಡಿ ಬಗ್ಗಿ ನೋಡಿದ. ಕಿವಿ ಕೆಂಪಾಗಿತ್ತು.

"ಯಾವಾಗ ಬಳಿದೆ?"

"ನೀವು ಮೊದಲನೇ ಸಲ ಹೆಡ್‌ಲೈಟ್ ಹಾಕಿಕೊಟ್ಟಿರಲ್ಲ, ಅದಾದ ಮೇಲೆ." ಅವನು ಪಕ್ಕದಲ್ಲಿ ಮಂಡಿಯೂರಿ ಕೂತಿದ್ದ. "ಇಂಜಿನ್ ಸುಟ್ಟ ಬಾಣಲೆ ಥರ ಇದೆ ಅಂದಿದ್ರಿ. ಮತ್ತೆ ಬಾನೆಟ್ ಎತ್ತಿದಾಗ ನಿಮಗೆ ಚೆನ್ನಾಗಿ ಕಾಣಲಿ ಅಂತ... ಎಲ್ಲಾ ಬಿಚ್ಚಿ ಬಳಿದೆ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಿದ್ರೆ, ಯಾಕೆ ಬಳಿದೆ ಅಂತ ನೀವು ಕೇಳ್ತಿದ್ರಿ."

ಎನೈದಾ ಚಿಕ್ಕಮ್ಮ ಕಿಟಕಿಯಿಂದ ತಲೆ ಹಾಕಿದಳು. "ಕೇಕ್ ಕರಗ್ತಿದೆ ಕಣೋ. ಪೂರ್ತಿ ಹೇಳಿ ಮುಗಿಸು."

ಒದಾಲ್ಮಿಸ್ ಎಮರಿ ಪೇಪರಿನಿಂದ ಬಣ್ಣ ಉಜ್ಜಿ ತೆಗೆದು ಬೋಲ್ಟ್ ಬಿಗಿಸಿದಳು. ಹೊರಬಂದು ಕೂತಾಗ ಅವಳ ಕೆನ್ನೆಯ ಮೇಲೆ ಗ್ರೀಸ್ ಇತ್ತು. ಅವನ ಬೆರಳು ಅದರ ಹತ್ತಿರ ಬಂದು ತಡೆದು ನಿಂತಿತು. ಅವಳೇ ಕೆನ್ನೆಯನ್ನು ಮುಂದೆ ತಂದಳು.

"ನೀನು ಬಂದಾಗಲೆಲ್ಲ ನಾನು ಅರ್ಧ ಗಂಟೆ ಕೆಲಸನ ಮಧ್ಯಾಹ್ನದವರೆಗೂ ಎಳೀತಿದ್ದೆ," ಅಂದಳು ನೇರವಾಗಿ. "ಗಾಡಿ ಸರಿಹೋಯ್ತು. ಕೊಡೋದೂ ಬಿಡೋದೂ ನಿನಗೆ ಬಿಟ್ಟದ್ದು. ನಾನಂತೂ ನೀನು ಹಿಬಾರಾದಲ್ಲೇ ಇರಬೇಕು ಅಂತೀನಿ."

ಓಲ್ಗೀನ್ ತಲುಪುವವರೆಗೂ ದೀಪ ಹೊತ್ತಲಿಲ್ಲ. ಕೇಕ್ ಹಿಡಿದು ಇಳಿಯುತ್ತಾ ಚಿಕ್ಕಮ್ಮ ಇಬ್ಬರ ತಲೆಯನ್ನೂ ಸವರಿದಳು. ಚೌಕದಲ್ಲಿ ಲಾಡಾದವನು ಕಾಯುತ್ತಿದ್ದ. ಎಲಿಯೆಸೆರ್ ಅವನ ಬಳಿ ನಿಂತು ಮಾತಾಡಿದ. ಅವಳು ಆ ಕಡೆ ನೋಡದೆ ಕೂತಳು. ಲಾಡಾ ಹೊರಟುಹೋಯಿತು.

"ಏನಂದ?" ಅವನು ಬಂದಾಗ ಕೇಳಿದಳು.

"ಬೈದ. ಬೈಯಲಿ ಬಿಡು." ಸೀಟಿನಲ್ಲಿ ಕೂತು ಹೇಳಿದ, "ಆದರೆ ಇನ್ಮೇಲೆ ನಿನ್ನ ಅಂಗಡಿಗೆ ಬರೋಕೆ ನೆಪ ಇಲ್ಲ."

"ನೆಪ ಯಾಕೆ? ರಾತ್ರಿ ಊಟಕ್ಕೆ ಬಾ. ಮೀನು ಹುರೀತೀನಿ."

"ನಾಳೆ?"

"ನಾಳೆ ನೀನು ಹುರಿ."

"ಹಿಬಾರಾ, ಹಿಬಾರಾ," ಎಂದು ಅವನು ಕೂಗಿದ. ಹಿಂದಿನ ಸೀಟು ತುಂಬಿತು. ಟೋಪಿಯವನೊಬ್ಬ ಮುಂದಿನ ಬಾಗಿಲು ತೆರೆದು, "ಇಲ್ಲಿ ಇನ್ನೊಬ್ಬರಿಗೆ ಜಾಗ ಇದೆಯಲ್ಲಮ್ಮ?" ಎಂದ.

"ಇಲ್ಲ," ಅಂದಳು ಒದಾಲ್ಮಿಸ್, ಎಲಿಯೆಸೆರನ ಪಕ್ಕಕ್ಕೆ ಇನ್ನಷ್ಟು ಸರಿದು ಕೂರುತ್ತಾ.