ಪುಟದ ನಡುವಿನ ಬೆರಳು

'ದೇವದೂತ ಹೊರಡುತ್ತಿದ್ದಾನೆ' ಎಂದು ನಾನು ವರದಿಯಲ್ಲಿ ಬರೆದ ಸಾಲಿನ ಕೆಳಗೆ ಅವಳು ಪೆನ್ಸಿಲ್‌ನಲ್ಲಿ ಬರೆದಿದ್ದಳು: 'ಯಾರು ಹೇಳಿದ್ದು?'

ಮ್ಯೂಸಿಯಮ್ಮಿನ ಲ್ಯಾಬಿನಲ್ಲಿ ಹಳೆಯ ಚಿತ್ರಗಳ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಹತ್ತಿಯಿಂದ ಅವುಗಳ ಕೊಳೆ ತೆಗೆಯುವುದು ಅವಳದು. ವರದಿಗೆ ಇಬ್ಬರ ಸಹಿಯೂ ಬೇಕು. ಈ ಒಂದು ಸಾಲಿಗಾಗಿ ಮೂರು ವಾರದಿಂದ ಅವಳ ಸಹಿ ನಿಂತಿತ್ತು. ನಾಳೆ ಅವಳು ಎರಡು ವರ್ಷದ ಮಟ್ಟಿಗೆ ಬೇರೆ ಊರಿನ ಮ್ಯೂಸಿಯಮ್ಮಿಗೆ ಹೋಗುವವಳಿದ್ದಳು.

ಚಿತ್ರದಲ್ಲಿ ಕಿಟಕಿಯ ಬಳಿ ಪುಸ್ತಕ ಹಿಡಿದು ಕುಳಿತ ಯೇಸುವಿನ ತಾಯಿ ಮೇರಿ. ಅವಳಿಗೆ ಮಗು ಹುಟ್ಟಲಿದೆ ಎಂಬ ಸುದ್ದಿ ತಂದ ದೇವದೂತ ಬಾಗಿಲಲ್ಲಿ.

"ಹಿಮ್ಮಡಿ ಎತ್ತಿದ್ದಾನೆ, ರೆಕ್ಕೆ ಅರ್ಧ ಬಿಚ್ಚಿದೆ," ಎಂದೆ. "ಎಕ್ಸ್‌ರೇಯಲ್ಲಿ ನೋಡಿ, ಮೊದಲು ಬಾಯಿ ತೆರೆದಿತ್ತು. ಚಿತ್ರಕಾರ ಆಮೇಲೆ ಮುಚ್ಚಿದ್ದಾನೆ. ಅಂದ್ರೆ ಹೇಳಿ ಆಯ್ತು, ಹೊರಟ."

"ಇನ್ನೂ ಹೇಳೇ ಇಲ್ಲ ಕಣ್ರೀ, ಎಕ್ಸ್‌ರೇ ಸಾಹೇಬ್ರೇ. ಬಾಗಿಲ ತನಕ ಬಂದು ಬಾಯಿ ಕಟ್ಟಿದೆ, ಪಾಪ. ಅಂಥೋರು ಇರ್ತಾರೆ."

ಕೊನೆಯ ಮಾತು ಹೇಳುವಾಗ ಅವಳು ನೋಡುತ್ತಿದ್ದುದು ಚಿತ್ರವನ್ನಲ್ಲ.

ನನ್ನ ಕಿವಿ ಬಿಸಿಯಾಯಿತು. ಎಷ್ಟು ಸಲ ಅವಳ ಮೇಜಿನ ತನಕ ಹೋಗಿ, "ಹತ್ತಿ ಇದೆಯಾ?" ಎಂದಷ್ಟೇ ಕೇಳಿ ವಾಪಸ್ ಬಂದಿದ್ದೆನೋ. ನನ್ನ ಡ್ರಾಯರ್ ತುಂಬ ಅವಳು ಕೊಟ್ಟ ಹತ್ತಿ.

"ಹೇಳಿದ್ಯೇನೋ?" ಎಂದು ಅಕ್ಕ ಫೋನಿನಲ್ಲಿ ದಿನಾ ಕೇಳುತ್ತಿದ್ದಳು.

"ಡೇಟಾ ಸಾಲದು ಅಕ್ಕ."

"ಸರಿ, ಆ ಹತ್ತೀಲಿ ದಿಂಬು ಹೊಲ್ಕೊಂಡು ಮಲಗು."

ಮಧ್ಯಾಹ್ನ ಅವಳಿಗೆ ಕೊಳೆ ತೆಗೆಯಲು ಉಳಿದಿದ್ದುದು ಒಂದೇ ಚದರ ಜಾಗ: ಮೇರಿಯ ಪುಸ್ತಕ. ಕಡ್ಡಿಗೆ ಸುತ್ತಿದ ಹತ್ತಿ ಉರುಳಿದಂತೆಲ್ಲ ಕಂದು ವಾರ್ನಿಷ್ ಬಿಡುತ್ತಾ ಬಂತು.

"ಇಲ್ಲಿ ಬನ್ನಿ," ಎಂದಳು ಮೆತ್ತಗೆ.

ಪುಸ್ತಕದ ಅಂಚಿನಲ್ಲಿ ನಾನು 'ಬಣ್ಣ ಉದುರಿದೆ, ಎಂಟು ಮಿಲಿಮೀಟರ್' ಎಂದು ದಾಖಲಿಸಿದ್ದ ಬಿಳಿಚು ಗೀರು. ಬಣ್ಣ ಉದುರಿರಲಿಲ್ಲ. ಅದು ಬೆರಳು. ಮೇರಿ ಓದು ನಿಲ್ಲಿಸಿ, ಪುಟ ತಪ್ಪದಂತೆ ನಡುವೆ ಬೆರಳಿಟ್ಟುಕೊಂಡಿದ್ದಳು.

"ಅಂಥ ಸುದ್ದಿ ಕೇಳಿದ್ಮೇಲೆ ಪುಟದ ಗುರುತು ಯಾರಿಗೆ ಬೇಕು?" ಎಂದಳು. "ಹೆಜ್ಜೆ ಸಪ್ಪಳ ಕೇಳಿದೆ ಅವಳಿಗೆ. ಹೇಳಲಿ ಅಂತ ಕಾಯ್ತಿದಾಳೆ." ಆಮೇಲೆ ಸೇರಿಸಿದಳು: "ಎಷ್ಟು ದಿನ ಅಂತ ಬೆರಳಿಟ್ಕೊಂಡು ಕೂರೋದು, ನೀವೇ ಹೇಳಿ."

ಅವಳ ಮಡಿಲಲ್ಲಿ ನನ್ನ ವರದಿ ಇತ್ತು. ಸಹಿಯ ಪುಟ ತಪ್ಪದಂತೆ ನಡುವೆ ಅವಳ ತೋರುಬೆರಳು.

"ನನ್ನ ಹತ್ರ ಹತ್ತಿ ಇದೆ," ಎಂದೆ. "ಡ್ರಾಯರ್ ತುಂಬ."

"ಗೊತ್ತು. ಕೊಟ್ಟೋಳು ನಾನೇ ಅಲ್ವಾ."

"ನೀವಂದ್ರೆ ನನಗಿಷ್ಟ. ಮೊದಲ ವಾರದಿಂದ. ಎರಡು ವರ್ಷ ಆದ್ರೂ ಕಾಯ್ತೀನಿ. ರಜೆ ಸಿಕ್ಕಾಗೆಲ್ಲ ಅಲ್ಲಿಗೇ ಬರ್ತೀನಿ."

ಅವಳು ಪೆನ್ಸಿಲನ್ನು ನನ್ನ ಕೈಗಿಟ್ಟಳು. ಹಳೆಯ ಸಾಲು ಹೊಡೆದುಹಾಕಿ ಬರೆದೆ: 'ದೇವದೂತ ಬಂದಿದ್ದಾನೆ. ಇನ್ನೇನು ಮಾತಾಡಲಿದ್ದಾನೆ.'

"ತಡವಾಗಿ ಬಂದಿದ್ದಾನೆ ಅಂತ ಸೇರಿಸಿ," ಎಂದಳು. ಸೇರಿಸಿದೆ.

ಅವಳು ಪುಟದ ನಡುವಿನಿಂದ ಬೆರಳು ತೆಗೆದು, ಸಹಿ ಹಾಕಿದಳು.