ತೋಳ ಅಲ್ರೀ, ಸೀಳುನಾಯಿ!

"ಅದು ತೋಳ ಅಲ್ರೀ!"

ಮುಂಬೈ ಗೋರೆಗಾಂವ್‌ನ ಡಬ್ಬಿಂಗ್ ಸ್ಟುಡಿಯೋದ ಬಾಗಿಲನ್ನು ರೂಪಾಲಿ ತಳ್ಳಿದ ರಭಸಕ್ಕೆ ಪ್ರೊಡ್ಯೂಸರ್ ಮನೀಶನ ಕೈಯಲ್ಲಿದ್ದ ಚಹಾ ತುಳುಕಿತು.

ಪರದೆಯ ಮೇಲೆ ಕೆಂಪು ಮೈಯ, ಕಪ್ಪು ಬಾಲದ ಕಾಡುನಾಯಿಗಳ ಹಿಂಡು ಓಡುತ್ತಿತ್ತು. "ತೋಳಗಳು ಬೇಟೆಗೆ ಹೊರಟಿವೆ..." ಎನ್ನುತ್ತಿತ್ತು ಒಂದು ತುಂಬುದನಿ.

ಮಕ್ಕಳ ಈ ಇಂಗ್ಲಿಷ್ ಟಿವಿ ಸರಣಿಯನ್ನು ಕನ್ನಡಕ್ಕೆ ತಂದವಳು ರೂಪಾಲಿ, ಅವಳು ಬರೆದುಕೊಟ್ಟದ್ದು ಸೀಳುನಾಯಿ ಅಂತ! ಇಂಗ್ಲಿಷಿನವರೇ ಅಪರೂಪಕ್ಕೆ ಬಳಸುವ 'ಧೋಲ್' ಎಂಬ ಹೆಸರಿಗೆ ಸರಿಯಾದ ಕನ್ನಡ ಅದೇ.

"ಯಾರು ಬದಲಿ ಮಾಡಿದ್ರು?"

"ನಾನೇ ಮಾರಾಯ್ರೆ."

ಮೂಲೆಯ ಕುರ್ಚಿಯಿಂದ ಅದೇ ತುಂಬುದನಿ! ಅವಳ ಎದೆ ಒಮ್ಮೆ ಧಸಕ್ಕೆಂದಿತು. ಸಿಟ್ಟಿಗೋ, ದನಿಗೋ... ಅವಳಿಗೇ ತಿಳಿಯಲಿಲ್ಲ.

ಅವನು ತಿಲಕ್. ಉಡುಪಿ ಕಡೆಯವನು. ಗ್ರಾಂಟ್ ರೋಡಿನಲ್ಲಿದ್ದ ಅಪ್ಪನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಒಲ್ಲದೆ ಮೈಕಿನ ಮುಂದೆ ಬಂದು ನಿಂತವನು.

"ಒಂದೊಂದು ಸಾಲಿಗೂ ಇಷ್ಟೇ ಸೆಕೆಂಡು ಅಂತ ಉಂಟಲ್ಲ? ಸೀಳುನಾಯಿ ಉದ್ದ ಆಗ್ತದೆ, ಚಿತ್ರ ಮುಂದೆ ಓಡ್ತದೆ. ತೋಳ ಚಿಕ್ಕದು, ಕೂತಿತು. ಧೋಲ್ ಅನ್ನುವ ಪದ ನಮ್ಮ ತೋಳದಿಂದಲೇ ಹೋಗಿರಬಹುದು ಅಂತ ಡಿಕ್ಷನರಿಯಲ್ಲೂ ಉಂಟು."

"ಹೋಗಿರವಲ್ದ್ಯಾಕ! ಗಂಡನ ಮನಿಗೆ ಹೋದ ಶಬ್ದ ಅಲ್ಲಿ ಬ್ಯಾರೆ ಪ್ರಾಣಿಗೆ ಹೆಸರಾತು. ಇಲ್ಲಿ ತೋಳ ಅಂದ್ರ ಇವತ್ತಿಗೂ ತೋಳನ! ಅದು ಊಳಿಡತೈತಿ, ಇವು ಸಿಳ್ಳಿ ಹೊಡದು ಒಂದಕ್ಕೊಂದು ಕರೀತಾವ. ನೋಡೂ ಮಕ್ಕಳಿಗೆ ಸುಳ್ಳು ಹೇಳಬೇಕೇನ್ರೀ?"

ತಿಲಕ್ ಪರದೆಯ ಮೂಲೆಯಲ್ಲಿ ಓಡುತ್ತಿದ್ದ ಸೆಕೆಂಡುಗಳತ್ತ ಬೆರಳು ತೋರಿಸಿದ. ಡಬ್ಬಿಂಗಿನವರಿಗೆ ಅಂಟಿದ ಚಾಳಿ ಇದು, ಚಿತ್ರಕ್ಕೆ ಹೊಂದಿದರೆ ಸಾಕು, ಶಬ್ದದ ತಲೆ ಹೋದರೂ ಚಿಂತೆಯಿಲ್ಲ!

"ಮಿಕ್ಸಿಂಗ್ ಹೋ ಗಯಾ ಮೇಡಂ," ಎಂದ ಮನೀಶ. ದನಿಗಳನ್ನೆಲ್ಲ ಬೆರೆಸಿ ಮುಗಿಯಿತು, ಇನ್ನು ಬದಲಾಗದು ಎಂದರ್ಥ.

"ಆಗಬೇಕು," ಎಂದಳು ರೂಪಾಲಿ. "ಇಲ್ಲಂದ್ರ ನನ್ನ ಹೆಸರು ತಗೀರಿ."

ಹೇಳಿದವಳೇ ಸ್ಕ್ರಿಪ್ಟಿನ ಹಾಳೆಗಳನ್ನು ಮೇಜಿನ ಮೇಲಿಟ್ಟಳು. ವಿಜಯಪುರದ ನೆಂಟರು 'ಮುಂಬೈ ಹುಡುಗಿ ಕನ್ನಡ' ಅಂತ ನಕ್ಕಾಗೆಲ್ಲ ಹಟ ಹಿಡಿದು ಕಲಿತ ಭಾಷೆ ಇದು. ಪರದೆಯ ಮೇಲೆ ಅವಳ ಹೆಸರು ಬರುವುದು ಇದೇ ಮೊದಲು. ಅದೂ ತಪ್ಪಿನ ಕೆಳಗೇ ಬರಬೇಕೇ?

ಆ ಕಂತಿನ ಮಾತು ಇತ್ಯರ್ಥವಾಗಲಿಲ್ಲ, ಆದರೂ ಉಳಿದ ಕಂತುಗಳಿಗೆ ಇಬ್ಬರೂ ಕೂಡಿ ಕೆಲಸ ಮಾಡಲೇಬೇಕಿತ್ತು. ಅವಳು ಬಂದವಳೇ ಕೇಳುತ್ತಿದ್ದ ಮೊದಲ ಮಾತು, "ಸೀಳುನಾಯಿ ಏನಾತ್ರೀ?"

"ನಿಮ್ಮ ಸೀಳುನಾಯಿ ನನ್ನ ಕನಸಿಗೂ ಬರ್ತದೆ ಮಾರಾಯ್ರೆ!" ಎಂದು ನಗುತ್ತಿದ್ದ ಅವನು. ಆದರೆ ಅವಳ ಒಂದು ಶಬ್ದವನ್ನೂ ಮತ್ತೆ ಮುಟ್ಟಲಿಲ್ಲ. ಸಂಜೆಯ ಲೋಕಲ್ ರೈಲಿನಲ್ಲಿ ದಾದರ್‌ವರೆಗೆ ಜೊತೆಗೇ ನಿಂತು ಬರುತ್ತಿದ್ದ. ಆ ಗದ್ದಲದಲ್ಲೂ ಅವಳಿಗೆ ಕೇಳಿಸುತ್ತಿದ್ದದ್ದು ಅವನ ದನಿಯೊಂದೇ.

'ಛೇ! ಜಗಳಾಡಬೇಕಾದವನ ಮಾತಿಗೆ ಕಿವಿ ಕೊಟ್ಟು ಕೂತೀನಲ್ಲ...' ಎಂದು ತನ್ನನ್ನೇ ಬೈದುಕೊಂಡಳು. ಪ್ರೀತಿ ಬಂದಾಗಿತ್ತು, ಬೈದರೆ ಹೋಗುತ್ತದೆಯೇ?

ಒಂದು ಬೆಳಿಗ್ಗೆ ಮನೀಶನ ಫೋನು. ತಿಲಕ್ ಸೀಳುನಾಯಿಯ ಕಂತನ್ನು ಚಾನೆಲಿಗೆ ಹೋಗದಂತೆ ತಡೆದಿದ್ದಾನಂತೆ. ಅವಳ ಸ್ಕ್ರಿಪ್ಟಿನ ವಿಷಯಕ್ಕೇ ಗಲಾಟೆಯಂತೆ!

ರೂಪಾಲಿಯ ಕಣ್ಣು ಕತ್ತಲೆಗಟ್ಟಿತು. ಎದುರಿಗೆ ನಗು, ಬೆನ್ನ ಹಿಂದೆ ದೂರು! ತಿಲಕ್‌ನ ಕರೆ ಬಂದರೆ ಕತ್ತರಿಸಿದಳು. ಮತ್ತೆ ಬಂತು, ಮತ್ತೆ ಕತ್ತರಿಸಿದಳು. ಅಳುತ್ತಾ ಮನೆಯಲ್ಲಿ ಕೂರುವ ಜಾತಿಯಲ್ಲ ಅವಳು. ಮುಖ ತೊಳೆದು ನೇರ ಗೋರೆಗಾಂವ್‌ಗೆ ಹೊರಟಳು.

'ಮುಖಕ್ಕ ಮುಖ ಕೊಟ್ಟು ಕೇಳ್ತೀನಿ. ಆಮ್ಯಾಲೆ ಅವನ ದನಿ ಈ ಜನ್ಮದಾಗ ಕೇಳುದಿಲ್ಲ!'

ಸ್ಟುಡಿಯೋದ ಬಾಗಿಲು ತೆರೆದರೆ ಅದೇ ಹಿಂಡು, ಅದೇ ಓಟ.

"ಸೀಳುನಾಯಿಗಳು ಬೇಟೆಗೆ ಹೊರಟಿವೆ. ಬೇಟೆ ಸಿಕ್ಕರೆ ಮೊದಲ ತುತ್ತು ಮರಿಗಳಿಗೆ..."

ರೂಪಾಲಿ ನಿಂತಲ್ಲೇ ನಿಂತಳು. ಪ್ರತಿ ಸಾಲೂ ಅವಳು ಬರೆದದ್ದೇ! ಒಂದೂ ಕಡಿಮೆಯಾಗಿಲ್ಲ, ಚಿತ್ರವೂ ಮುಂದೆ ಓಡಿಲ್ಲ.

ಗಾಜಿನ ಕೋಣೆಯಿಂದ ತಿಲಕ್ ಹೊರಬಂದ. ಮುಖವೆಲ್ಲ ಬೆವರು, ದನಿ ಒಡೆದಿತ್ತು.

"ಹ್ಯಾಂಗ... ಹ್ಯಾಂಗ ಕೂತಿತು?"

"ಎರಡು ಮಾತಿನ ನಡುವೆ ಉಸಿರು ತಗೊಳ್ಳಲಿಲ್ಲ, ಅಷ್ಟೇ. ಬೆಳಿಗ್ಗೆಯಿಂದ ಪೂರ್ತಿ ಕಂತು ಹೊಸದಾಗಿ ಹೇಳಿದೆ."

"ಚಾನೆಲಿನವರು ಒಪ್ಪದಿದ್ರ?"

"ತೋಳ ಅಂತ ಹೋಗುವುದಾದರೆ ಯಾವ ಕಂತಿಗೂ ನನ್ನ ಧ್ವನಿ ಇಲ್ಲ ಅಂದೆ, ಒಪ್ಪಿದರು. ತಪ್ಪು ನನ್ನದಲ್ಲವಾ ರೂಪಾಲಿ? ಹೇಳೋಣ ಅಂತ ಫೋನ್ ಮಾಡಿದರೆ ನೀವು ತೆಗೆಯುವುದೇ ಇಲ್ಲ!"

ಅವಳ ಕಣ್ಣು ತುಂಬಿ ಬಂತು. "ನಾ ನಿಮ್ಮ ಬಗ್ಗೆ ಏನೇನೋ ತಿಳ್ಕೊಂಡಿದ್ದೆ..."

"ಏನಂತ?"

"ಹೇಳಾಂಗಿಲ್ಲ!" ಅಳುವಿನ ನಡುವೆಯೇ ನಕ್ಕಳು. "ಅಷ್ಟೊತ್ತು ಉಸಿರು ಹಿಡದ್ರ ಎದಿ ನೋಯಾಂಗಿಲ್ಲೇನ್ರೀ?"

"ನೋಯ್ತದೆ. ಆದರೆ ನಿಮ್ಮ ಹೆಸರು ತೆಗೀರಿ ಅಂದಿರಲ್ಲ, ಅದು ಇನ್ನೂ ಜಾಸ್ತಿ ನೋಯ್ತಿತ್ತು." ಒಂದು ಕ್ಷಣ ತಡೆದು ಕೇಳಿದ, "ನನಗೆ ನೀವು ಬೇಕು ರೂಪಾಲಿ. ಈ ಕೆಲಸ ಮುಗಿದ ಮೇಲೂ... ಜೀವನಪೂರ್ತಿ. ಆಗಬಹುದಾ?"

ಮನೀಶ ಚಹಾದ ನೆಪ ಹೇಳಿ ಮೆಲ್ಲಗೆ ಹೊರನಡೆದ.

"ಆಗಬಹುದು. ಆದ್ರ ನನ್ನ ಶಬ್ದ ಮುಟ್ಟೂ ಹಂಗಿಲ್ಲ!"

"ಶಬ್ದ ಮುಟ್ಟುವುದಿಲ್ಲ. ಕೈ ಹಿಡಿಯಬಹುದಾ?"

ರೂಪಾಲಿ ಕೈ ಮುಂದೆ ಚಾಚಿದಳು.

"ಹಿಡೀರಿ... ಆದ್ರ ಬಿಡೂ ಹಂಗಿಲ್ಲ!"