ಮಲಗಿದ್ದ ಮಗು

ಬೆಳಗ್ಗೆ ಹತ್ತಕ್ಕೆ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಠಾಣೆಗೆ ಬಂದ ಹೆಂಗಸು ಕುಳಿತುಕೊಳ್ಳಲಿಲ್ಲ. ಹಿಂದಿನ ದಿನ ಕಲ್ಲಿದ್ದಲು ಗಣಿಯಲ್ಲಿ ಅನಿಲ ಸ್ಫೋಟಿಸಿ ಅವಳ ಗಂಡ ಸತ್ತಿದ್ದ. ಅವನೇ ಒಳಗೆ ಬೀಡಿ ಹಚ್ಚಿದ ಎಂದು ಮ್ಯಾನೇಜರು ಹೆಣ ಮೇಲೆ ಬರುವ ಮೊದಲೇ ಹೇಳಿಕೆ ಕೊಟ್ಟಾಗಿತ್ತು. ಪುಣ್ಯಾತ್ಮನಿಗೆ ಅಷ್ಟು ಅವಸರ!

"ನನ್ನ ಗಂಡ ಬೀಡಿ ಮುಟ್ಟಿದೋನಲ್ಲ ಸಾರ್. ಸತ್ತೋನ ಬಾಯಿಗೆ ಬೀಡಿ ಇಟ್ಟಿದ್ದಾರೆ. ಅದನ್ನ ತೆಗೀರಿ, ಸಾಕು."

ಇನ್‌ಸ್ಪೆಕ್ಟರ್ ಎಫ್‌ಐಆರ್ ಬರೆಸಿ ಆಸ್ಪತ್ರೆಗೆ ಹೋದರು. ಸ್ಫೋಟದಲ್ಲಿ ಕೈ ಸುಟ್ಟುಕೊಂಡು ಮಲಗಿದ್ದ, ಗಣಿಯ ನೀರೆತ್ತುವ ಪಂಪಿನವನು ಗೋಡೆಯತ್ತ ಮುಖ ತಿರುಗಿಸಿದ.

"ಮಗು ಮಲಗಿತ್ತು ಸಾರ್."

"ಗಣಿಯೊಳಗೆ ಮಗು ಯಾಕ್ರೀ ಬಂತು?" ಎಂದ ಕಾನ್‌ಸ್ಟೆಬಲ್.

"ಅನಿಲ ಜಾಸ್ತಿಯಾದ್ರೆ ಒಂದು ಯಂತ್ರ ಕೂಗುತ್ತೆ. ನಾವು ಅದಕ್ಕೆ ಮಗು ಅಂತೀವಿ. ಅಳೋ ಮಗು ಬೇಡ ಅಂದ್ರೆ ಬಾಯಿ ಕಟ್ಟಿ ಮಲಗಿಸ್ತಾರೆ."

ಮಧ್ಯಾಹ್ನ ಪಂಚರೊಂದಿಗೆ ಗಣಿಗಿಳಿದು ಪಂಚನಾಮೆ ನಡೆಸಿದರು. ಸುರಂಗದ ತಿರುವಿನಲ್ಲಿ ಯಂತ್ರ ಅರ್ಧ ಸುಟ್ಟು ನೇತಾಡುತ್ತಿತ್ತು. ಅದರ ಬಾಯಿಗೆ ಅರೆ ಕರಗಿದ ಪ್ಲಾಸ್ಟಿಕ್ ಚೀಲ, ಚೀಲ ಜಾರದಂತೆ ಮೇಲೊಂದು ಕೂಸಿನ ಉಣ್ಣೆ ಟೋಪಿ. ಟೋಪಿಯ ದಾರವನ್ನು ಗಲ್ಲದ ಕೆಳಗೆ ಕಟ್ಟುವಂತೆಯೇ ಮುತುವರ್ಜಿಯಿಂದ ಕಟ್ಟಲಾಗಿತ್ತು.

ಸಂಜೆ ಠಾಣೆಯಲ್ಲಿ ಟೋಪಿಯನ್ನು ಮೇಜಿನ ಮೇಲಿಟ್ಟಾಗ ಹೆಂಗಸಿನ ಮುಖದ ಬಣ್ಣ ಇಳಿದುಹೋಯಿತು.

"ಯಾರಿಗೆ ಕೊಟ್ರಿ?" ಎಂದರು ಇನ್‌ಸ್ಪೆಕ್ಟರ್.

"ನನ್ನ ತಮ್ಮನಿಗೆ. ಅವನೇ ಅಲ್ಲಿ ಮೇಸ್ತ್ರಿ. ಮಗು ತುಂಬಾ ಅಳ್ತಿದೆ, ಟೋಪಿ ಕೊಡಕ್ಕಾ ಅಂದ. ಅವನ ಮಗು ಅಂದ್ಕೊಂಡೆ ಸಾರ್."

ಇನ್‌ಸ್ಪೆಕ್ಟರ್ ಸುತ್ತಿ ಬಳಸಿ ಮಾತಾಡಲಿಲ್ಲ.

"ಇದು ನಿಮ್ದಲ್ಲ ಅಂದ್ರೆ ತಮ್ಮ ಉಳೀತಾನೆ. ಬೀಡಿ ನಿಮ್ಮ ಗಂಡನ ಬಾಯಲ್ಲೇ ಉಳಿಯುತ್ತೆ."

ಅವಳು ಟೋಪಿಯ ಸುಟ್ಟ ಅಂಚನ್ನು ಸವರಿದಳು. "ನಂದೇ. ನಾನೇ ಹೆಣೆದಿದ್ದು. ಬರ್ಕೊಳ್ಳಿ."

ಮೇಸ್ತ್ರಿಯನ್ನು ಗಣಿಯ ಗೇಟಿನಲ್ಲೇ ಬಂಧಿಸಿದರು. ಅವನು ಕೊಸರಾಡಲಿಲ್ಲ.

"ಮೂರು ಸಲ ಅದು ಕೂಗ್ದಾಗ ಎಲ್ಲರನ್ನೂ ಮೇಲೆ ಕರ್ಕೊಂಡು ಬಂದೆ ಸಾರ್. ಮೂರು ಸಲನೂ ಏನೂ ಆಗ್ಲಿಲ್ಲ. ಮ್ಯಾನೇಜರು ಎಲ್ಲರೆದುರು, ಬಳೆ ತೊಟ್ಕೊಳಯ್ಯಾ ಅಂದ್ರು. ಎಲ್ಲರೂ ನಕ್ರು. ಭಾವನೂ ನಕ್ರು." ಇನ್‌ಸ್ಪೆಕ್ಟರತ್ತ ತಿರುಗಿ ಕೇಳಿದ: "ಬಳೆ ತೊಟ್ಕೋ ಅಂದೋರಿಗೆ ಯಾವ ಸೆಕ್ಷನ್?"

ಅಷ್ಟರಲ್ಲಿ ಮ್ಯಾನೇಜರು ಕೈ ಉಜ್ಜುತ್ತ ಬಂದರು.

"ನಾಳೆಯಿಂದ ಎಲ್ಲ ಯಂತ್ರಕ್ಕೂ ಕಬ್ಬಿಣದ ಜಾಲರಿ ಹಾಕಿಸ್ತೀವಿ ಸಾರ್. ಯಾರೂ ಮುಚ್ಚೋಕಾಗಲ್ಲ."

"ಇಷ್ಟು ದಿನ ಯಾಕೆ ಹಾಕಿಸ್ಲಿಲ್ಲ?"

"ಯಾರೂ ಸತ್ತಿರ್ಲಿಲ್ವಲ್ಲ."

"ನೀವೂ ಜೀಪು ಹತ್ತಿ. ಮಿಕ್ಕಿದ್ದು ಠಾಣೆಯಲ್ಲಿ ಹೇಳಿ," ಎಂದರು ಇನ್‌ಸ್ಪೆಕ್ಟರ್.

ಠಾಣೆಯ ಬೆಂಚಿನ ಮೇಲೆ ಅಕ್ಕ ಇನ್ನೂ ಕುಳಿತಿದ್ದಳು. ಬೇಡಿ ತೊಟ್ಟ ತಮ್ಮ ಒಳಗೆ ಬರುತ್ತಲೇ ಮಡಿಲಲ್ಲಿದ್ದ ಕೂಸು ಕಿಟಾರನೆ ಅಳತೊಡಗಿತು. ಕಾನ್‌ಸ್ಟೆಬಲ್ ಪಾಪ, ಚಿಟಿಕೆ ಹೊಡೆದು ರಮಿಸಲು ಬಗ್ಗಿದ.

"ಬೇಡ," ಎಂದಳು ಅವಳು, ತಮ್ಮನನ್ನೇ ನೋಡುತ್ತ. "ಸುಮ್ಮನಿರಿಸ್ಬೇಡಿ. ಅಳ್ಲಿ."